ಮೇರಿ ಸೀಕೋಲ್: ಮರೆವಿನಿಂದ ಎದ್ದು ಬಂದ ದಾದಿ

ಲಂಡನಿನಲ್ಲಿ ಥೇಮ್ಸ್ ನದಿಯ ಒಂದು ದಡದಲ್ಲಿ ಬ್ರಿಟನ್ನಿನ ಸಂಸತ್ ಭವನವಿದೆ. ಎದುರು ದಡದಲ್ಲಿ ಸೇಂಟ್ ಥಾಮಸ್ ಆಸ್ಪತ್ರೆ. ಅದರ ಆವರಣದಲ್ಲಿ ನಾವು ನೋಡಿದ ಕಂಚಿನ ಪ್ರತಿಮೆ ರಾಣಿಯದಲ್ಲ, ಸೇನಾಪತಿಯದೂ ಅಲ್ಲ. ಗಾಳಿಗೆ ಎದುರಾಗಿ ಹೆಜ್ಜೆ ಹಾಕುತ್ತಿರುವಂತೆ ನಿಂತ ಈಕೆ ಮೇರಿ ಸೀಕೋಲ್ ಎಂಬ ಕಪ್ಪುವರ್ಣದ ಮಹಿಳೆ. ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್ ರೂಪಿಸಿದ ಈ ಪ್ರತಿಮೆ ಅನಾವರಣಗೊಂಡದ್ದು 2016ರ ಜೂನ್ 30ರಂದು. ಆಕೆ ತೀರಿಕೊಂಡು ಆಗಲೇ 135 ವರ್ಷಗಳು ಕಳೆದಿದ್ದವು.

ಸೀಕೋಲ್ ಹುಟ್ಟಿದ್ದು 1805ರಲ್ಲಿ, ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ. ತಂದೆ ಸ್ಕಾಟ್ಲೆಂಡಿನ ಸೈನಿಕ. ನಾಟಿ ಔಷಧ ಬಲ್ಲ ತಾಯಿ ವಸತಿಗೃಹವೊಂದನ್ನು ನಡೆಸುತ್ತಾ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದರು. ಮಗಳು ಕಲಿತದ್ದು ಅವರಿಂದಲೇ. 1850ರಲ್ಲಿ ಜಮೈಕಾದಲ್ಲಿ, ಮರುವರ್ಷ ಪನಾಮದಲ್ಲಿ ಕಾಲರಾ ಹಬ್ಬಿದಾಗ ಆಕೆ ರೋಗಿಗಳ ನಡುವೆಯೇ ಇದ್ದರು.

1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಸ್ಥಿತಿ ಕೇಳಿ, ಸೇವೆಗೆ ಹೋಗಲು ಅವಕಾಶ ಬೇಡುತ್ತಾ ಅವರು ಲಂಡನಿನ ಕಚೇರಿಗಳಿಗೆ ಅಲೆದರು. ಎಲ್ಲ ಕಡೆಯೂ ಇಲ್ಲವೆಂಬ ಉತ್ತರವೇ ಸಿಕ್ಕಿತು. ತನ್ನ ಚರ್ಮದ ಬಣ್ಣವೇ ಅದಕ್ಕೆ ಕಾರಣವಿರಬಹುದೇ ಎಂಬ ಸಂಶಯವನ್ನು ಅವರು 1857ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆದರೆ ಹಿಂದಿರುಗಲಿಲ್ಲ. ಸ್ವಂತ ಖರ್ಚಿನಲ್ಲಿ ಕ್ರಿಮಿಯಕ್ಕೆ ಹೋಗಿ, ಸಿಕ್ಕ ಮರ ತಗಡುಗಳಿಂದ ಬಾಲಕ್ಲಾವದ ಸಮೀಪ ‘ಬ್ರಿಟಿಷ್ ಹೋಟೆಲ್’ ಕಟ್ಟಿದರು. ಅಲ್ಲಿ ಊಟ ಮಾರಿದರು, ಔಷಧಿ ಕೊಟ್ಟರು, ರಣರಂಗಕ್ಕೂ ಹೋಗಿ ಗಾಯಾಳುಗಳಿಗೆ ಪಟ್ಟಿ ಕಟ್ಟಿದರು. ಯುದ್ಧ ಮುಗಿದಾಗ ಸರಕು ಉಳಿದು ದಿವಾಳಿಯಾದರು. 1881ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರು ಬಹುಮಟ್ಟಿಗೆ ಅಳಿಸಿಯೇ ಹೋಯಿತು.

ಪ್ರತಿಮೆ ನಿಲ್ಲಿಸುವಾಗ ಆಕ್ಷೇಪಗಳೂ ಬಂದವು. ಸೀಕೋಲ್ ಹೋಟೆಲು ನಡೆಸಿದ ವ್ಯಾಪಾರಿಯೇ ಹೊರತು ದಾದಿಯಲ್ಲ ಎಂದರು ಕೆಲವರು. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದಾದಿಯರ ತರಬೇತಿ ಶಾಲೆ ತೆರೆದದ್ದು ಇದೇ ಆಸ್ಪತ್ರೆಯಲ್ಲಾದ್ದರಿಂದ ಈ ಜಾಗ ಸಲ್ಲದು ಎಂದೂ ವಾದಿಸಿದರು. ನೈಟಿಂಗೇಲರ ಸಾಧನೆ ದೊಡ್ಡದು, ಸಂಶಯವಿಲ್ಲ. ಆದರೆ ಒಬ್ಬರನ್ನು ನೆನೆಯಲು ಇನ್ನೊಬ್ಬರನ್ನು ಮರೆಯಲೇಬೇಕೇ?

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ. ಪ್ರವಾದಿ ಮುಹಮ್ಮದ್(ಸ)ರ ಕಾಲದ ಮದೀನಾದಲ್ಲಿ ಅಸ್ಲಮ್ ಗೋತ್ರದ ರುಫೈದಾ(ರ) ಎಂಬ ಮಹಿಳೆಯಿದ್ದರು. ಮಸೀದಿಯ ಆವರಣದಲ್ಲೇ ಅವರ ಡೇರೆಯಿತ್ತು. ಹಿಜರಿ 5ರ, ಅಂದರೆ ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಆರೈಕೆಗೆ ಸಾಗಿಸಿದ್ದು ಅಲ್ಲಿಗೇ. ನೈಟಿಂಗೇಲರಿಗಿಂತ ಹನ್ನೆರಡು ಶತಮಾನಗಳಷ್ಟು ಹಿಂದಿನ ಈ ಹೆಸರು ನಮ್ಮ ಎಷ್ಟು ಮನೆಗಳಲ್ಲಿ ಗೊತ್ತು? ಪ್ರತಿಮೆ ನಿಲ್ಲಿಸುವುದು ಮುಸ್ಲಿಮರ ಸಂಪ್ರದಾಯವಲ್ಲ, ನಿಜ. ಹಾಗಾದರೆ ನೆನಪು ಉಳಿಸುವ ಹೊಣೆ ಮಾತಿನ ಮೇಲೆ, ಬರಹದ ಮೇಲೆ ಇನ್ನಷ್ಟು ಹೆಚ್ಚಬೇಕಲ್ಲವೇ?

ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಹಣ ಪಡೆಯದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಹೆಸರೇನೋ ಉಳಿಯಿತು. ಆದರೆ ಪುತ್ತೂರಿನ ಆಸುಪಾಸಿನಲ್ಲಿ, ನರಿಮೊಗರಿನಂತಹ ಊರುಗಳಲ್ಲಿ, ವಾಹನ ಹೋಗದ ಕಾಲದಲ್ಲಿ ರಾತ್ರಿ ಸೂಟೆ ಹಿಡಿದು ಗುಡ್ಡ ಇಳಿದು ಬಂದು ಹೆರಿಗೆ ಮಾಡಿಸಿದ ಹೆಂಗಸರ ಹೆಸರುಗಳೆಲ್ಲಿ? ಬಾಣಂತಿಯ ಜಾತಿ, ಧರ್ಮ ಕೇಳುತ್ತಾ ಕೂರಲು ಅವರಿಗೆ ಪುರುಸೊತ್ತಿರಲಿಲ್ಲ. ಶಾಲೆಯ, ಜಮಾಅತಿನ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಪಟ್ಟಿಯಿರುತ್ತದೆ, ಅಧ್ಯಕ್ಷರ ಭಾವಚಿತ್ರವಿರುತ್ತದೆ. ಊರಿನ ಅರ್ಧದಷ್ಟು ಮಕ್ಕಳನ್ನು ಮೊದಲು ಎತ್ತಿಕೊಂಡ ಕೈಗಳ ಸುದ್ದಿಯಿರುವುದಿಲ್ಲ.

ಆ ಕೈಗಳಲ್ಲಿ ಹುಟ್ಟಿದವರು, ಅವರನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದಿಡಲು ಕಂಚು ಬೇಡ, ಒಂದು ನೋಟ್‌ಬುಕ್ಕು ಸಾಕು. ಮುಂದಿನ ಸ್ಮರಣ ಸಂಚಿಕೆಯಲ್ಲಿ ಅವರಿಗೆಂದು ಎರಡು ಪುಟ ಮೀಸಲಿಡೋಣ.