ಎರಡು ಕೈಗಳ ನಡುವಿನ ಕ್ಷಣ

ಮನೆಯಲ್ಲಿ ಮಕ್ಕಳ ಅಳತೆಪಟ್ಟಿ ಇದ್ದರೆ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಮತ್ತೊಬ್ಬರು ಅದನ್ನು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ಇಳಿಬಿಡಲಿ. ಕೆಳಗಿನ ಸೊನ್ನೆಯ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳು ತೆರೆದಿರಲಿ. ಅವರು ಹೇಳದೆ ಕೈಬಿಟ್ಟೊಡನೆ ಹಿಡಿಯಿರಿ. ಇಪ್ಪತ್ತನೆಯ ಸೆಂಟಿಮೀಟರಿನಲ್ಲಿ ಸಿಕ್ಕರೆ ನಿಮಗೆ ತಗುಲಿದ ಕಾಲ ಸುಮಾರು 0.2 ಸೆಕೆಂಡು. ಇನ್ನು ಕೈ ಬದಲಿಸಿ. ಅಲ್ಲಿ ಒಂದು ಸೆಂಟಿಮೀಟರಿನ ವ್ಯತ್ಯಾಸ ಕಂಡರೆ ಅದು ಸೆಕೆಂಡಿನ ಸಾವಿರ ಪಾಲಿನಲ್ಲಿ ಐದು ಪಾಲು ಮಾತ್ರ.

ನಾನು ಧಾರವಾಡದಲ್ಲಿ ಶಾಲೆಗೆ ಹೋಗುತ್ತಿದ್ದಾಗ, ಪಾಟಿಯ ಮೇಲೆ ಎಡಗೈಯಿಂದ ಬರೆಯುತ್ತಿದ್ದ ಗೆಳೆಯನ ಬೆರಳ ಗೆಣ್ಣಿಗೆ ಇಂಥದೇ ಪಟ್ಟಿಯಿಂದ ಏಟು ಬೀಳುತ್ತಿತ್ತು.

ಈ ತಾತ್ಸಾರ ಬಹಳ ಹಳೆಯದು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಬರುವ ಏಹೂದನು ಎಡಚ. ಹೀಬ್ರೂ ಮೂಲವು ಅವನನ್ನು ಬಲಗೈ ಕಟ್ಟುಬಿದ್ದವನೆಂಬ ಅರ್ಥದಲ್ಲಿ ವರ್ಣಿಸುತ್ತದೆ. ಆ ವರ್ಣನೆಯಲ್ಲಿ ಹೆಸರು ಸಿಕ್ಕಿದ್ದು ಎಡಗೈಯ ಸಾಮರ್ಥ್ಯಕ್ಕಲ್ಲ, ಬಲಗೈಯ ಕೊರತೆಗೆ. ಅವನ ಕುಲದ ಹೆಸರಾದ ಬೆನ್ಯಾಮೀನ್ ಎಂಬುದಕ್ಕೆ 'ಬಲಗೈಯ ಮಗ' ಎಂದರ್ಥ! ಆ ಕುಲದಲ್ಲಿಯೇ ಗುರಿ ತಪ್ಪದೆ ಕವಣೆ ಬೀಸುವ ಏಳುನೂರು ಮಂದಿ ಎಡಚರಿದ್ದರೆಂದು ಅದೇ ಗ್ರಂಥ ಹೇಳುತ್ತದೆ.

ಕ್ಷಣದ ಅಂಶವನ್ನು ಅಳೆಯುವ ಕಾರ್ಯವೂ ಒಂದು ಅನ್ಯಾಯದಿಂದಲೇ ಆರಂಭವಾಯಿತೆನ್ನಬಹುದು. 1796ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಮ್ಯಾಸ್ಕಲೀನ್, ನಕ್ಷತ್ರದ ಚಲನೆಯನ್ನು ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು ತಡವಾಗಿ ಗುರುತಿಸಿದನೆಂದು ಸಹಾಯಕ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದನು. ಅದು ಆತನ ಅಲಕ್ಷ್ಯವಲ್ಲ, ಪ್ರತಿಯೊಬ್ಬ ವೀಕ್ಷಕನಲ್ಲಿಯೂ ಇಂಥ ಅಂತರವಿರುತ್ತದೆಂದು 1820ರ ದಶಕದಲ್ಲಿ ಬೆಸೆಲ್ ತೋರಿಸಿಕೊಟ್ಟ. ನರದಲ್ಲಿ ಸಂದೇಶ ಸಾಗಲು ಕಾಲ ಬೇಕೆಂಬುದನ್ನು 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಅಳೆದು ಹೇಳಿದನು. 1860ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಬ್ರೋಕಾ, ಮಾತು ಕಳೆದುಕೊಂಡವರ ಮಿದುಳುಗಳನ್ನು ಪರೀಕ್ಷಿಸಿ, ನುಡಿಯ ನೆಲೆ ಹೆಚ್ಚಾಗಿ ಎಡ ಗೋಳಾರ್ಧದಲ್ಲಿದೆ ಎಂದು ಕಂಡುಕೊಂಡ.

ಎಡ ಗೋಳಾರ್ಧವು ಬಲಗೈಯನ್ನೂ, ಬಲ ಗೋಳಾರ್ಧವು ಎಡಗೈಯನ್ನೂ ನಡೆಸುತ್ತವೆ. ನೋಟದ ಬಲಬದಿಯಲ್ಲಿ ಮಿನುಗಿದ ಬೆಳಕು ಮೊದಲು ತಲುಪುವುದು ಎಡ ಗೋಳಾರ್ಧವನ್ನು. ಅದಕ್ಕೆ ಬಲಗೈ ನೇರವಾಗಿ ಸ್ಪಂದಿಸುತ್ತದೆ. ಎಡಗೈ ಸ್ಪಂದಿಸಬೇಕಾದರೆ ಸಂದೇಶವು ಸುಮಾರು ಇಪ್ಪತ್ತು ಕೋಟಿ ನರತಂತುಗಳ ಸೇತುವೆಯನ್ನು ದಾಟಬೇಕು. 1912ರಲ್ಲಿ ಅಮೆರಿಕದ ಪಾಫೆನ್‌ಬರ್ಗರ್ ಈ ದಾಟುವಿಕೆಯ ಕಾಲವನ್ನು ಅಳೆದಾಗ ದೊರೆತದ್ದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ಬೆಳಕು ಎಡಬದಿಯಲ್ಲಿದ್ದರೆ ತಡವಾಗುವುದು ಬಲಗೈಗೆ! ತಡವು ಕೈಯಲ್ಲಿಲ್ಲ, ದಾರಿಯಲ್ಲಿದೆ. ಅಷ್ಟೇ ಅಲ್ಲ, ಕಂಡ ಗುರಿಯತ್ತ ಕೈ ಚಾಚುವ ಹಲವು ಪ್ರಯೋಗಗಳಲ್ಲಿ ಬಲಚರ ಎಡಗೈಯೇ ತುಸು ಮೊದಲು ಹೊರಟಿದೆ. ಸ್ಥಳದ ಕಡೆಗಿನ ಗಮನದಲ್ಲಿ ಬಲ ಗೋಳಾರ್ಧದ ಪಾತ್ರ ಹಿರಿದೆಂಬುದು ಇದಕ್ಕೆ ಕೊಡುವ ಕಾರಣ.

ನಮ್ಮ ನಾಡಿಗೆ ಈ ವಿದ್ಯೆ ತಡವಾಗಿಯೇನೂ ಬರಲಿಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ, ಕೈಚಲನೆಯ ಕಲಿಕೆಯನ್ನು ಕುರಿತು ಸಂಶೋಧಿಸಿದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದವರೆಂದು ನೀವು ಬಲ್ಲ ಮಹನೀಯರು ಇವರೇ.

ಬ್ರೋಕಾ ಕಂಡದ್ದನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಜನ ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಲಕವಾ ಹೊಡೆದವರು ಬರುತ್ತಲೇ ಇರುತ್ತಾರೆ. ಎಡ ಮಿದುಳಿಗೆ ಪೆಟ್ಟಾದವರಲ್ಲಿ ಬಲಗೈ ಬೀಳುತ್ತದೆ. ಎಷ್ಟೋ ಸಲ ಮಾತೂ ಹೋಗುತ್ತದೆ. ಅಂಥವರು, ಬಾಲ್ಯದಲ್ಲಿ ಅನ್ನ ಮುಟ್ಟಬಾರದೆಂದು ಹೇಳಿಸಿಕೊಂಡ ಎಡಗೈಯಿಂದ, ಮೊದಲ ತುತ್ತು ಎತ್ತಲು ಕಲಿಯುತ್ತಾರೆ.