ಧರಿಸುವ ಸಾಧನಗಳು ಮತ್ತು ಖಾಸಗಿತನ

ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್ ಉಂಗುರ ಮೊದಲಾದವು ಧರಿಸಿದವರ ದೇಹದ ಮತ್ತು ಓಡಾಟದ ವಿವರಗಳನ್ನು ಕಲೆಹಾಕಿ ಕಂಪನಿಗಳಿಗೆ ತಲುಪಿಸುವುದರಿಂದ ಹುಟ್ಟಿದ ಕಾನೂನು ಹಾಗೂ ಸಾಮಾಜಿಕ ಪ್ರಶ್ನೆ. ಇಂಥ ಉಂಗುರ ತಯಾರಿಸುವ ಅಲ್ಟ್ರಾಹ್ಯೂಮನ್, ಗಡಿಯಾರಗಳ ಟೈಟನ್ ಎರಡೂ ಬೆಂಗಳೂರಿನವು. ಈ ಪ್ರಶ್ನೆಗೆ ಆಧಾರವಾದ ತೀರ್ಪಿಗೆ ಕಾರಣರಾದವರೂ ಕರ್ನಾಟಕದವರೇ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಗಡಿಯಾರದ ತಳದಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತದ ಹರಿವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗಿ ಹಿಂದಿರುಗುತ್ತದೆ. ನಾಡಿಬಡಿತದ ಲೆಕ್ಕ ಸಿಗುವುದು ಅದರಿಂದ. ಚಲನೆ ಅಳೆಯುವ ಸಂವೇದಕ ಹೆಜ್ಜೆಯನ್ನೂ ನಿದ್ರೆಯನ್ನೂ ಅಂದಾಜು ಮಾಡುತ್ತದೆ. ಇವೆಲ್ಲ ಬ್ಲೂಟೂತ್ ಮೂಲಕ ಫೋನಿಗೆ, ಅಲ್ಲಿಂದ ಆ್ಯಪ್ ಮೂಲಕ ಕಂಪನಿಯ ಸರ್ವರಿಗೆ ಹೋಗುತ್ತವೆ. ಆದರೆ ತೊಡಕು ಗಡಿಯಾರಕ್ಕಿಂತ ಆ್ಯಪ್‌ನಲ್ಲೇ ಹೆಚ್ಚು. ಕರೆ ಮಾಡಿದವರ ಹೆಸರು ಮಣಿಕಟ್ಟಿನಲ್ಲಿ ಕಾಣಬೇಕೆಂದರೆ ಸಂಪರ್ಕಪಟ್ಟಿ ತೆರೆದುಕೊಡಬೇಕು. ಮೆಸೇಜು ಕಾಣಬೇಕೆಂದರೆ ನೋಟಿಫಿಕೇಶನ್ ಓದಲು ಬಿಡಬೇಕು, ಬ್ಯಾಂಕಿನ ಒಟಿಪಿಯೂ ಅದರಲ್ಲೇ ಬರುತ್ತದೆ. ಆಂಡ್ರಾಯ್ಡ್ 12 ಬರುವವರೆಗೆ ಬ್ಲೂಟೂತ್ ಸಾಧನ ಹುಡುಕಲಿಕ್ಕೂ ಲೊಕೇಶನ್ ಅನುಮತಿ ಬೇಕಾಗಿತ್ತು. ತಿಪಟೂರಿನಲ್ಲೋ ತುರುವೇಕೆರೆಯಲ್ಲೋ ವಾಚು ಕೊಂಡವರಿಗೆ ಮೊಬೈಲ್ ಅಂಗಡಿಯ ಹುಡುಗನೋ ಮನೆಯ ಮೊಮ್ಮಗನೋ ಸಾಲಾಗಿ 'ಅಲೌ' ಒತ್ತಿ ಕೊಟ್ಟರೆ, ದಾಖಲೆಯಲ್ಲಿ ಅದು ಕೊಂಡವರ ಒಪ್ಪಿಗೆ.

ಹೀಗೆ ಸೇರಿದ ಅಂಕಿಗಳಿಗೆ ಸಂದರ್ಭ ಗೊತ್ತಿರುವುದಿಲ್ಲ. ರಾತ್ರಿ ಎರಡಕ್ಕೆ ತ್ರೀಫೇಸ್ ಕರೆಂಟ್ ಬಂತೆಂದು ಎದ್ದು, ತೋಟಕ್ಕೆ ನಡೆದು ಮೋಟರು ಹಾಕಿ ಬರುವ ತೆಂಗು ಬೆಳೆಗಾರನ ಗ್ರಾಫು ನಿದ್ರಾಹೀನನ ಗ್ರಾಫಿನಂತೆಯೇ ಕಾಣಬಹುದು. ಹೆಜ್ಜೆ ಎಣಿಸಿ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುವ ಆರೋಗ್ಯ ವಿಮೆ ಭಾರತದಲ್ಲೂ ಇರುವಾಗ ಇದು ಬರೀ ಕುತೂಹಲದ ಮಾತಲ್ಲ. ಹೆಸರು ತೆಗೆದ ಮಾಹಿತಿ ಸುರಕ್ಷಿತವೆಂಬ ವಾದವೂ ನಿಂತಿಲ್ಲ: ವ್ಯಾಯಾಮ ದಾಖಲಿಸುವ ಆ್ಯಪ್‌ನ ಸ್ಟ್ರಾವಾ ಕಂಪನಿ 2017ರಲ್ಲಿ ಪ್ರಕಟಿಸಿದ ಓಟಗಾರರ ಜಾಗತಿಕ ನಕ್ಷೆಯಲ್ಲಿ ಸೇನಾ ನೆಲೆಗಳ ಗುರುತು ಕಾಣುತ್ತಿದೆಯೆಂದು 2018ರ ಜನವರಿಯಲ್ಲಿ ಬಯಲಾಯಿತು. ಗೂಗಲ್ 2021ರಲ್ಲಿ ಫಿಟ್‌ನೆಸ್ ಬ್ಯಾಂಡ್ ತಯಾರಿಸುವ ಫಿಟ್‌ಬಿಟ್ ಕೊಳ್ಳುವಾಗ ಯೂರೋಪಿನ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಹತ್ತು ವರ್ಷ ಜಾಹೀರಾತಿಗೆ ಬಳಸಬಾರದೆಂದು ಐರೋಪ್ಯ ಆಯೋಗ ಷರತ್ತು ಹಾಕಿತು.

ಇಂಥ ಸಾಧನ ಮನುಷ್ಯರಿಗಷ್ಟೇ ಅಲ್ಲ; ಹೈನುಗಾರಿಕೆಯಲ್ಲಿ ಅದನ್ನು ತೊಡುವುದು ಹಸು. ಬೆಂಗಳೂರಿನ ಸ್ಟೆಲ್ಲ್ಯಾಪ್ಸ್ ಕಂಪನಿಯ ಪೆಡೋಮೀಟರನ್ನು ಹಸುವಿನ ಕಾಲಿಗೆ ಕಟ್ಟಿದರೆ, ನಡಿಗೆ ಹೆಚ್ಚಿದ್ದನ್ನು ನೋಡಿ ಬೆದೆಗೆ ಬಂದದ್ದನ್ನು ತಿಳಿಸುತ್ತದೆ. ಹಸುವಿಗೆ ಖಾಸಗಿತನದ ಹಕ್ಕಿಲ್ಲ, ನಿಜ. ಆದರೆ ಅದರ ಆರೋಗ್ಯ, ಹಾಲಿನ ಲೆಕ್ಕ ಮಾಲೀಕರ ಹೆಸರಿಗೆ ಸೇರಿದೊಡನೆ ಒಂದು ಮನೆಯ ಆದಾಯದ ಚಿತ್ರವಾಗುತ್ತದೆ.

ಇಂಥ ಮಾಹಿತಿಯ ರಕ್ಷಣೆಗೆ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮುಖ್ಯ ಆಧಾರವಾಗಿಸಿದೆ. ಉಲ್ಲಂಘನೆಗೆ ದಂಡ 250 ಕೋಟಿ ರೂಪಾಯಿವರೆಗೆ ಏರಬಹುದು. 18 ತುಂಬದವರ ಮಾಹಿತಿಗೆ ಪೋಷಕರ ದೃಢೀಕೃತ ಒಪ್ಪಿಗೆ ಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳಲ್ಲಿ ಆರೋಗ್ಯದ ಮಾಹಿತಿಗೆ 'ಸೂಕ್ಷ್ಮ' ಎಂಬ ಪ್ರತ್ಯೇಕ ವರ್ಗವಿತ್ತು. ಹೊಸ ಕಾಯ್ದೆಯಲ್ಲಿ ಅದಿಲ್ಲ, ಮತ್ತು ಇದು ಹಿನ್ನಡೆಯೇ. ಉದ್ಯೋಗದ ಉದ್ದೇಶಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಳಸಲೂ ಹೊಸ ಕಾಯ್ದೆಯ 7ನೆಯ ಸೆಕ್ಷನ್ ಎಡೆಕೊಡುತ್ತದೆ. ಚಂಡೀಗಢ, ನಾಗಪುರಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿದ್ದನ್ನು ನೆನೆದರೆ ಈ ವಿನಾಯಿತಿ ಯಾರ ಮೇಲೆ ಬೀಳುತ್ತದೆಂಬುದು ತಿಳಿಯುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆಯನ್ನು ಕಂಪನಿ ಕೊಡಲೇಬೇಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಕಂಪನಿಗಳ ಮೇಲಿನ ಹೆಚ್ಚಿನ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.