ಮಾರ್ಗದರ್ಶಿತ ವಿಶ್ರಾಂತಿ (ನೋವು ಶಮನದಲ್ಲಿ)

ದೀರ್ಘಕಾಲದ ಕಾಯಿಲೆಯಿಂದ ನೋವುಣ್ಣುವವರಿಗೆ ನರ್ಸ್, ಮನಶ್ಶಾಸ್ತ್ರಜ್ಞ ಅಥವಾ ಧ್ವನಿಮುದ್ರಿಕೆಯ ಸೂಚನೆಯಂತೆ ಉಸಿರು, ಸ್ನಾಯು ಮತ್ತು ಗಮನವನ್ನು ಸಡಿಲಗೊಳಿಸಲು ಕಲಿಸುವ ವಿಧಾನ. ಇದು ಔಷಧದ ಜೊತೆಗೆ ಬಳಸುವಂಥದ್ದು, ಅದಕ್ಕೆ ಬದಲಿಯಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ.

ಇತಿಹಾಸ

ಈ ಪದ್ಧತಿಗೆ ವೈಜ್ಞಾನಿಕ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಮುಖ್ಯರು. 1908ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ಮೈ ಸಡಿಲಬಿಟ್ಟವರು ಹಠಾತ್ ಸದ್ದಿಗೆ ಅಷ್ಟಾಗಿ ಬೆಚ್ಚಿಬೀಳುವುದಿಲ್ಲ ಎಂಬುದನ್ನು ಅವರು ಗಮನಿಸಿದರು. ಮುಂದೆ ಷಿಕಾಗೊದಲ್ಲಿ ಸ್ನಾಯುಗಳ ಅತಿ ಸೂಕ್ಷ್ಮ ವಿದ್ಯುತ್ ಚಟುವಟಿಕೆಯನ್ನು ಅಳೆಯತೊಡಗಿದರು. 1929ರಲ್ಲಿ ‘ಪ್ರೋಗ್ರೆಸಿವ್ ರಿಲ್ಯಾಕ್ಸೇಷನ್’ ಗ್ರಂಥ ಪ್ರಕಟಿಸಿದರು. ಒಂದು ಸ್ನಾಯುವನ್ನು ಬಿಗಿಹಿಡಿದು ಬಿಗುವಿನ ಅನುಭವವನ್ನು ಗುರುತಿಸುವುದು, ಆಮೇಲೆ ಅದನ್ನು ಬಿಟ್ಟುಬಿಡುವುದು ಅವರ ಕ್ರಮ. ಬಿಗಿಹಿಡಿಯುವುದು ಗುರುತಿಸುವುದಕ್ಕಷ್ಟೇ, ಕಲಿಯಬೇಕಾದದ್ದು ಬಿಡುವುದನ್ನು. ಪಾಠಗಳು ತಿಂಗಳುಗಟ್ಟಲೆ ನಡೆಯುತ್ತಿದ್ದವು. ವಿಶ್ರಾಂತಿ ರೋಗಿಯ ಸ್ವಂತ ಕೌಶಲವಾಗಬೇಕು, ಸೂಚನೆಯ ಪ್ರಭಾವವಾಗಬಾರದು ಎಂಬುದು ಅವರ ನಿಲುವು. ಇಂದು ವಾರ್ಡುಗಳಲ್ಲಿ ಕೇಳಿಸುವ ಇಪ್ಪತ್ತು ನಿಮಿಷದ ಧ್ವನಿಮುದ್ರಿಕೆಗೆ ಹೆಚ್ಚು ಹತ್ತಿರವಾದದ್ದು ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ರೂಪಿಸಿದ ಸಂಕ್ಷಿಪ್ತ ರೂಪ.

ಜರ್ಮನಿಯ ಮನೋವೈದ್ಯ ಶುಲ್ಟ್ಸ್ 1932ರಲ್ಲಿ, ತನಗೆ ತಾನೇ ಹೇಳಿಕೊಳ್ಳುವ ಮಾತಿನಿಂದ ಮೈ ಸಡಿಲಿಸುವ ‘ಆಟೊಜೆನಿಕ್’ ತರಬೇತಿಯನ್ನು ಪ್ರಕಟಿಸಿದರು. ಮುಂಗೇರದ ಸ್ವಾಮಿ ಸತ್ಯಾನಂದ ಸರಸ್ವತಿಯವರ ಯೋಗನಿದ್ರೆಯಲ್ಲೂ ಶವಾಸನದಲ್ಲಿ ಮಲಗಿದವರ ಗಮನವನ್ನು ಮಾತಿನ ಮೂಲಕ ಅಂಗಾಂಗಗಳಿಗೆ ಒಯ್ಯುತ್ತಾರೆ.

ಆಸ್ಪತ್ರೆಯಲ್ಲಿ

1979ರಲ್ಲಿ ಜಾನ್ ಕಬಟ್-ಜಿನ್ ಮೆಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಧ್ಯಾನ ಮತ್ತು ವಿಶ್ರಾಂತಿಯ ತರಬೇತಿ ಆರಂಭಿಸಿದರು. ಮಾಮೂಲಿ ಚಿಕಿತ್ಸೆಯಿಂದ ಗುಣ ಕಾಣದ 51 ರೋಗಿಗಳ ಕುರಿತ ಅವರ 1982ರ ವರದಿಯ ಪ್ರಕಾರ, ಹತ್ತು ವಾರಗಳಲ್ಲಿ ಸುಮಾರು ಮೂರನೇ ಎರಡು ಭಾಗದವರ ನೋವಿನ ಅಂಕ ಕನಿಷ್ಠ ಮೂರನೇ ಒಂದರಷ್ಟು ಇಳಿಯಿತು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲವಾದ್ದರಿಂದ ಈ ಫಲವನ್ನು ಎಚ್ಚರದಿಂದ ಓದಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಜ್ಞಸಮಿತಿ 1995ರಲ್ಲಿ, ದೀರ್ಘಕಾಲದ ನೋವನ್ನು ಕುಗ್ಗಿಸುವಲ್ಲಿ ವಿಶ್ರಾಂತಿ ವಿಧಾನಗಳಿಗೆ ಬಲವಾದ ಆಧಾರವಿದೆ ಎಂದಿತು.

ಕಾರ್ಯವಿಧಾನ

ಮಿದುಳಿನಿಂದ ಇಳಿಯುವ ಸಂಕೇತಗಳು ಬೆನ್ನುಹುರಿಯಲ್ಲಿ ನೋವನ್ನು ತಡೆಯಬಲ್ಲವು ಎಂದು ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ವಾದಿಸಿದರು. ವಿಶ್ರಾಂತಿಯ ಫಲ ಇದೊಂದರಿಂದಲೇ ಎನ್ನಲಾಗದು. ಸ್ನಾಯುಬಿಗಿತ, ಭಯ ಮತ್ತು ನಿದ್ರಾಹೀನತೆ ತಗ್ಗುವುದೂ ಕಾರಣವಾಗಿರಬಹುದು.

ಮಿತಿಗಳು

ಮೂಳೆ ಮುರಿದ ಅಥವಾ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದ ಭಾಗವನ್ನು ಬಿಗಿಹಿಡಿಸಬಾರದು. ಕಣ್ಮುಚ್ಚಿದಾಗ ಕೆಲವರಿಗೆ ಆತಂಕ ಹೆಚ್ಚುವುದುಂಟು. ಅಂಥವರಿಗೆ ಕಣ್ತೆರೆದೇ ಅಭ್ಯಾಸ ಮಾಡಿಸುವುದು, ಬೇಡವೆಂದರೆ ನಿಲ್ಲಿಸುವುದು ಲೇಸು. ನೋವು ಹೊಸ ರೂಪ ತಾಳಿದರೆ ಮೊದಲು ವೈದ್ಯರ ಪರೀಕ್ಷೆ ಆಗಬೇಕು.